ಖಾಲಿ ಸೀಟು

ಅರ್ಧ ದಿನದ ಟೂರು. ಹದಿಮೂರು ಸೀಟಿನ ಗಾಡಿ.
ಸೊಲ್ಲಾಪುರದವರೊಬ್ಬರಿಗೆ ರಾತ್ರಿ ಹೊಟ್ಟಿ ಕೆಟ್ಟು
ಕಿಟಕಿ ಕಡೆ ಸೀಟೊಂದು ಖಾಲಿ ಉಳೀತು.
"ಬರ್ತೀಯೇನ?" ಅಂದರು ಬೂಟಿನ ದಾರ ಕಟಗೋತ.
ನನ್ನ ಕೇಳಿದರೋ, ಬೂಟಿಗೆ ಕೇಳಿದರೋ.

ಮೂವತ್ತೊಂದು ವರ್ಷ ಮಂದಿಗೆ ಅವರು ತೋರಿಸಿದ ವಿಜಾಪುರ.
ನನಗ ಗೊತ್ತಿದ್ದದ್ದು ಕಾಯಿಪಲ್ಲೆ ಮಾರ್ಕೆಟ್ಟು, ದವಾಖಾನಿ,
ಮತ್ತ ಮಾಳಿಗಿ ಮ್ಯಾಲ ಸೀರಿ ಒಣಹಾಕೋವಾಗ
ಹಗ್ಗದಾಚೆ ಕಾಣೋ ಗುಮ್ಮಟ,
ಬೋರಲು ಹಾಕಿದ ಗಡಿಗಿಯಂಗ.

ಗಾಡ್ಯಾಗ ಅವರು ಬ್ಯಾರೆ ಮನುಷ್ಯಾ.
ಪುಣೆದವರಿಗೆ ಮರಾಠಿ, ಬಂಗಾಲದವರಿಗೆ ಹಿಂದಿ,
ದಾವಣಗೆರೆ ಮಾಸ್ತರರಿಗೆ ಪುಸ್ತಕದ ಕನ್ನಡ:
"ತಾವು ಈಗ ನೋಡುತ್ತಿರುವುದು..."
ಮನ್ಯಾಗ ದಿನಕ್ಕ ಹತ್ತು ಮಾತಾಡಿದರ ಹಬ್ಬ.
ಚಾವಿ ಎಲ್ಲಿ. ಉಪ್ಪು ಕಡಿಮಿ. ಫೋನ್ ಬಂತು.
ಇಷ್ಟು ಮಾತು ಎಲ್ಲಿ ಇಟ್ಟಿದ್ದರು,
ಹಗೇವಿನ್ಯಾಗ ಜ್ವಾಳ ತುಂಬಿಟ್ಟಂಗ?

ಕೊರಳಾಗ ನೀಲಿ ದಾರ, ದಾರಕ್ಕೊಂದು ಕಾರ್ಡು,
ಕಾರ್ಡಿನ ಮ್ಯಾಲ ಹೆಸರು.
ನಾ ಅದನ್ನ ಬಾಯಿಲೆ ಅನ್ನೋದಿಲ್ಲ.
ಲಗ್ನದಾಗ ಒಮ್ಮೆ ಒಡಪು ಕಟ್ಟಿ ಹೇಳಿದ್ದೆ,
ಕುಬಸದಾಗ ಇನ್ನೊಮ್ಮೆ.
ರೇಷನ್ ಕಾರ್ಡಿನವರು ಕೇಳಿದಾಗ
ಮಗಳ ಕಡೆ ಕೈ ಮಾಡಿದ್ದೆ.

ಮೆಟ್ಟಿಲೆಷ್ಟಂತ ಅವರು ಹೇಳಿದ ಲೆಕ್ಕ
ನನ್ನ ಮೊಣಕಾಲಿನ ಲೆಕ್ಕಕ್ಕ ಕೂಡಲಿಲ್ಲ.
ನಾಕನೇ ಅಂತಸ್ತಿನ ಕಿಂಡ್ಯಾಗ ಕುಂತುಬಿಟ್ಟೆ.
ಗಾಳಿ ಬಂತು. ಪಾರಿವಾಳದ ನಾತ ಬಂತು.
ಕೆಳಗ ಹುಲ್ಲಿಗೆ ಪೈಪು ಹಿಡಿದಾವ ನಮ್ಮ ಓಣಿಯಾವನ.
ಮ್ಯಾಲಿಂದ ಅವರ ದನಿ:
"ಯಾರೋ ಹಿಂದೆ ಉಳಿದಿದ್ದಾರೆ, ನಿಲ್ಲೋಣ."
ಯಾರೋ.

ಸಾಲಿ ಹುಡುಗರು ಇನ್ನೂ ಬಂದಿರಲಿಲ್ಲ,
ಗುಮ್ಮಟ ಬಾಯಿ ಮುಚಗೊಂಡಿತ್ತು.
ಅವರು ಆಚೆ ಗ್ವಾಡಿಗೆ ಹೋಗಿ ಕಾಗದ ಹರಿದರು;
ಚರ್ರಂತ ನನ್ನ ಕಿವ್ಯಾಗ ಹರೀತು.
ಕಡ್ಡಿ ಗೀರಿದರು. ಕೈಗಡಿಯಾರ ಕಲ್ಲಿಗೆ ಹಿಡಿದರು.
ಪುಣೆದ ಬಾಯಿ "ಅಗಬಾಯಿ" ಅಂದಳು,
ಅದು ಸುತ್ತು ಹೊಡೆದು ಆಕಿ ಕಡೆನೆ ಬಂತು.
ಎಲ್ಲಾರೂ ಫೋಟೊಕ್ಕಂತ ಹೊಳ್ಳಿ ನಿಂತಾಗ
ಗ್ವಾಡಿಯೊಳಗಿಂದ, ಬಾಜೂಕ ಕುಂತು ಅಂದಂಗ:
"ಗ್ಯಾಸ್ ಬಂದ್ ಮಾಡೀಯಿಲ್ಲ?"

ಆಚೆ ದಂಡಿಗೆ ಬೆರಳಷ್ಟು ಕಾಣತಿದ್ದರು,
ಹಣಿ ಕಲ್ಲಿಗೆ ಹಚ್ಚಿ, ಬೆನ್ನು ನಮ್ಮ ಕಡೆ.
ನಡುವ ಗೋರಿಗಳ ಮ್ಯಾಲ ನಿಂತ ಅಷ್ಟೂ ಗಾಳಿ.
ಏನ ಹೇಳಲಿ?
ಒಲಿ ಮ್ಯಾಲ ಹಾಲಿಟ್ಟದ್ದು ನೆನಪಿತ್ತು,
ಕಿವಿ ತಿರುವಿದ್ದು ನೆನಪಿರಲಿಲ್ಲ.
ಗ್ವಾಡಿಗೆ ಬಾಯಿ ಹಚ್ಚಿದೆ.
ಒಡಪಿಲ್ಲ, ಪ್ರಾಸಿಲ್ಲ, ಕೈಯಾಗ ಅಕ್ಕಿಕಾಳಿಲ್ಲ.
"ಸಾತಲಿಂಗ," ಅಂದೆ.

ಆಚೆ ಕಡ್ಡಿಪೆಟ್ಟಿಗಿ ಬಿತ್ತು.
ಅದು ಬಿದ್ದದ್ದು ಎಲ್ಲಾರಿಗೂ ಕೇಳಿತು, ಎಷ್ಟೋ ಸಲ.

ಆಮ್ಯಾಲಿಂದ ಊರು ಓಡಿತು.
ರೋಜಾದ ಕಲ್ಲಿನ ಜಾಳಗಿಯೊಳಗ ಬೆಳಕು ಅಕ್ಷರ ಆಗಿ ನಿಂತಿತ್ತು;
ಓದಾಕ ಬರಲಿಲ್ಲ ನನಗ, ನೋಡಾಕ ಬಂತು.
ಬಿಸಲಾಗೂ ತಣ್ಣಗಿದ್ದ ತೋಪಿನ ಬಾಯಾಗ
ಬಂಗಾಲದ ಮುದುಕ ಕೈ ಇಟ್ಟು ಗಪ್ಪನ ತೆಗದ.
ಬಾರಾಕಮಾನಿನ್ಯಾಗ ಮಾಸ್ತರರು ಕೇಳಿದರು,
"ಯಾಕೆ ಪೂರ್ತಿ ಕಟ್ಟಲಿಲ್ಲ?"
ದಿನಾ ಮೂರು ಕಾರಣ ಹೇಳತಾರಂತ.
ಇವತ್ತ ಎರಡಕ್ಕ ನಿಂತು ನೀರು ಕುಡದರು.
ಡ್ರೈವರ್ ಹುಸೇನಿ ನನ್ನ ಕಡೆ ಬಾಗಿದ:
"ಗುಮ್ಮಟದಾಗ ಹೆಂಡತಿ ಬೈದರ
ಏಳು ಸಲ ಕೇಳಬೇಕಾಗ್ತದ ಅನ್ನೋ ಜೋಕ್
ಇವತ್ತ ಬಿಟ್ಟೇಬಿಟ್ಟರ ನೋಡ್ರಿ ಅಕ್ಕಾರ."

ಹನ್ನೆರಡೂವರಿಗೆ ಗಾಡಿ ನಿಂತಿತು.
ಒಬ್ಬೊಬ್ಬರಾಗಿ ಇಳಿದು ಅವರ ಕೈಗೆ ನೋಟಿಟ್ಟರು.
ನಾನೂ ಚೀಲದಿಂದ ಇಪ್ಪತ್ತು ರೂಪಾಯಿ ತೆಗದು ಕೊಟ್ಟೆ.
ತಗೊಂಡರು. ಎದಿ ಮ್ಯಾಲ ಕೈ ಇಟಗೊಂಡು
"ಮತ್ತೆ ಬನ್ನಿ" ಅಂದರು,
ಅದ ಪುಸ್ತಕದ ಕನ್ನಡದಾಗ.

ಮಧ್ಯಾಹ್ನಕ್ಕ ಅವರಿಗೆ ಇನ್ನೊಂದು ಬ್ಯಾಚು.
ಆಟೋದಾಗ ಒಬ್ಬಾಕಿನ ಬಂದು ಕೀಲಿ ತೆಗದು
ಚಪ್ಪಲಿ ಸಮೇತ ಅಡಗಿಮನಿಗೆ ಓಡಿದೆ.
ಗ್ಯಾಸ್ ಬಂದಿತ್ತು, ಕೆಳಗ ಸಿಲಿಂಡರಿಂದೂ.
ಹಾಲಿನ ಬೋಗಾಣಿ ಮ್ಯಾಲ ತಾಟು ಮುಚ್ಚಿತ್ತು.

ನಾ ತಾಟು ಮುಚ್ಚಾಕಿ ಅಲ್ಲ.
ಬಿಸಿ ಹಾಲಿಗೆ ತಾಟು ಮುಚ್ಚಬ್ಯಾಡ್ರಿ, ಬೆವತು ಕೆಡತದ ಅಂತ
ಮೂವತ್ತೊಂದು ವರ್ಷದಿಂದ
ಹೇಳಕೋತನ ಬಂದೀನಿ ಅವರಿಗೆ.