ಬೆನ್ನುಮೂಳೆಯ ಲೆಕ್ಕ

ಮಾರ್ಚಿ ಮುಗಿಯುತ್ತ ಬಂತು. ನರಿನ್ ಹೊಳೆಯ ಮೇಲಿನ ಮಂಜುಗಡ್ಡೆ
ಇನ್ನೂ ಲಾರಿಯ ಭಾರ ತಡೆಯುತ್ತಿದೆ.
ಉಣ್ಣೆಯನ್ನು ನಂಬಬೇಡ, ಅನ್ನುತ್ತಿದ್ದಳು ಅತ್ತೆ,
ಉಣ್ಣೆ ಉಬ್ಬಿ ನಿಂತು ಸುಳ್ಳು ಹೇಳುತ್ತದೆ,
ಕೈ ತೂರಿಸು, ಬೆನ್ನು ಮುಟ್ಟು.

ಮುಟ್ಟಿದೆ.
ಸೊಂಟದ ಮೇಲೆ ಹೆಬ್ಬೆರಳಿಗೆ ಒಂದೊಂದೇ ಮಣಿ ಸಿಕ್ಕಿತು,
ಚೂಪಾಗಿ, ಬೇಲಿಗೂಟದ ಹಾಗೆ.
ದುಂಡಗೆ ಜೋಲುತ್ತಿದ್ದ ಬಾಲದ ಕೊಬ್ಬು
ಸಂತೆಯಿಂದ ವಾಪಸು ಬಂದ ಬರಿಯ ಚೀಲ.
ಅರವತ್ತೆರಡು ಗಬ್ಬದ ಕುರಿ. ನಲವತ್ತು ದಾಟಿದ ಮೇಲೆ
ಎಣಿಸುವುದ ಬಿಟ್ಟೆ,
ಸುಮ್ಮನೆ ಕೈಯಾಡಿಸಿದೆ, ಕ್ಷಮೆ ಕೇಳುವವಳಂತೆ.

ಜವೆ ಎಲ್ಲಿ ಹೋಯಿತೆಂದು ನನಗೆ ಗೊತ್ತು.
ಅಕ್ಟೋಬರಿನಲ್ಲಿ ಮಾವನ ವರ್ಷದೂಟ.
ಏಳು ಊರಿನ ನೆಂಟರು, ಅವರ ಓಟದ ಕುದುರೆಗಳು,
ಬಂದ ಕುದುರೆ ಹಸಿದು ಹೋಗಬಾರದೆಂದು
ಮೂಟೆಯ ಬಾಯಿ ಬಿಚ್ಚಿ ನಾನೇ ಸುರಿದೆ.
ಮಾಂಬೆತ್ ಹೆಮ್ಮೆಯಿಂದ ಟೋಪಿ ಸರಿಮಾಡಿಕೊಂಡ.
ಸತ್ತವರ ಹೆಸರಿನಲ್ಲಿ
ಹುಟ್ಟದವರ ಪಾಲು ಬಡಿಸಿದ್ದೆವು;
ಅವತ್ತು ಯಾರಿಗೂ ಹಾಗೆ ಕಾಣಲಿಲ್ಲ,
ಟಗರು ಬಿಡುವುದಕ್ಕೆ ಇನ್ನೂ ತಿಂಗಳಿತ್ತಲ್ಲ.

ಹೊರಗೆ ಮೇವಿಲ್ಲದ ತಾಯಿ ಒಳಗೆ ಮೇಯುತ್ತದೆ.
ಮೊದಲು ಬಾಲ, ಆಮೇಲೆ ಬೆನ್ನು,
ಆಮೇಲೆ, ಕೊನೆಯ ಆರು ವಾರ, ಮರಿ ದೊಡ್ಡದಾಗಬೇಕಾದ ಆರು ವಾರ,
ಕೊಡುವುದಕ್ಕೇನೂ ಇರುವುದಿಲ್ಲ.
ಬಸಿರು ಮಾತ್ರ ಕೇಳುತ್ತಲೇ ಇರುತ್ತದೆ.

ನೀಲಿ ಕಿವಿಯ ಕುರಿ ನಿನ್ನೆ ರಾತ್ರಿ ಈಯಿತು, ಅವಳಿ.
ಮೊದಲನೆಯದು ಬರುವ ಮೊದಲೇ ಹೋಗಿತ್ತು.
ಎರಡನೆಯದು ಉಸಿರಾಡಿತು.
ನೀರಿಲ್ಲದ ಕೆಟಲಿನಷ್ಟು ತೂಕ,
ಒದ್ದೆ ಕಾಗದದಂಥ ಚರ್ಮ, ಅದರ ಮೇಲೆ
ಹೆಸರಿಗಷ್ಟೇ ಕೂದಲು.
ತಾಯಿ ನೆಕ್ಕಲಿಲ್ಲ. ಯಾರೋ ಮರೆತು ಬಿಟ್ಟುಹೋದ
ಸಾಮಾನಿನ ಹಾಗೆ ನೋಡಿತು.
ಕೆಚ್ಚಲು ಹಿಂಡಿದೆ: ಒಂದು ಗುಟುಕೂ ಆಗದ ಗಿಣ್ಣು,
ಅಂಟಿನ ಹಾಗೆ ಬೆರಳಿಗೆ ಹತ್ತಿ ನಿಂತಿತು.

ಮರಿಯ ಬಾಯೊಳಗೆ ಬೆರಳಿಟ್ಟೆ. ತಣ್ಣಗೆ, ಬಾವಿಗಲ್ಲಿನಂತೆ.
ಒಲೆಯ ಹತ್ತಿರ ತರುತ್ತಿದ್ದಾಗ ಫೋನಿನಲ್ಲಿ ಸಾತಾರ್ ಡಾಕ್ಟರು ಕೂಗಿದ:
ಬೇಡ! ಮೊದಲು ಸಕ್ಕರೆ, ಆಮೇಲೆ ಬೆಂಕಿ.
ಹೊಟ್ಟೆ ಖಾಲಿಯಿದ್ದವರಿಗೆ ಶಾಖ ಕೊಟ್ಟರೆ
ಶಾಖವೇ ಕೊಲ್ಲುತ್ತದೆ, ಹೊಟ್ಟೆಗೆ ಸೂಜಿ ಹಾಕು,
ಹೊಕ್ಕುಳಿಂದ ಹೆಬ್ಬೆರಳಗಲ ಕೆಳಗೆ, ಓರೆಯಾಗಿ.
ಅವನ ದನಿ ಹತ್ತು ಸಲ ಕಡಿದು ಹತ್ತು ಸಲ ಕೂಡಿತು.
ಮಾಂಬೆತ್ ದೀಪ ಹಿಡಿದ. ಅವನ ಕೈ ನಡುಗುತ್ತಿದ್ದುದರಿಂದ
ಗೋಡೆಯ ಮೇಲೆ ನಾವೆಲ್ಲ ನಡುಗಿದೆವು.

ನನ್ನ ಹೆಸರು ತುರ್ಸುನಾಯ್.
ತುರ್ಸುನ್ ಅಂದರೆ ಉಳಿಯಲಿ.
ನನಗಿಂತ ಮೊದಲಿನ ಇಬ್ಬರು ಉಳಿಯಲಿಲ್ಲವಂತೆ.
ಆ ಚಳಿಗಾಲಗಳಲ್ಲಿ ಅವ್ವ ಏನು ಉಂಡಳು, ಯಾರ ನಂತರ ಉಂಡಳು,
ಯಾರೂ ಅವಳ ಬೆನ್ನು ಮುಟ್ಟಿ ನೋಡಿದ್ದಿಲ್ಲ.
ಹೆಸರಿಟ್ಟರು, ಅಷ್ಟೆ.

ಬೆಳಗಿನ ಜಾವ ಮಾಂಬೆತ್ ಒಂದು ಮಾತೂ ಆಡದೆ
ನಮ್ಮ ಹಿಟ್ಟಿನ ಮೂಟೆಯನ್ನು ದೊಡ್ಡಿಗೆ ಹೊತ್ತ.
ಬಿಸಿನೀರಿನಲ್ಲಿ ಕಲಸಿ ತೊಟ್ಟಿಗೆ ಹಾಕಿದ.
ಕುರಿಗಳು ಒಂದರ ಮೇಲೊಂದು ಏರಿ ಬಂದವು,
ಹಬೆಯಲ್ಲಿ ಅವುಗಳ ಮುಖ ಕಾಣಲಿಲ್ಲ.
ಇಷ್ಟು ತಡವಾಗಿ ಉಣಿಸಿದ್ದು ಯಾವ ಮರಿಗೆ ತಲುಪುತ್ತದೋ,
ಲೆಕ್ಕ ಗೊತ್ತಿಲ್ಲ.

ನಾನು ಒಲೆಯ ಪಕ್ಕ, ಕಂಬಳಿಯ ತುಂಡಿನಲ್ಲಿ ಸುತ್ತಿದ ಮರಿ ಮಡಿಲಲ್ಲಿ.
ಬೆರಣಿ ಬೂದಿಯಾಗುತ್ತ ಬಂದಿತ್ತು.
ಇನ್ನೊಮ್ಮೆ ಬಾಯೊಳಗೆ ಬೆರಳಿಟ್ಟೆ.
ಬೆಚ್ಚಗಾಗಿದೆಯೋ,
ನನ್ನ ಬೆರಳೇ ತಣ್ಣಗಾಗಿದೆಯೋ,
ತಿಳಿಯಲಿಲ್ಲ.