ಹಾಲುಹಲ್ಲಿನ ಅಡಿಯಲ್ಲಿ

ಕುದುರೆ ಕಾಯುವ ಗೊಂಬೋ ಮೊಮ್ಮಗನ ತುಟಿಯನ್ನು
ಹೆಬ್ಬೆರಳಲ್ಲಿ ಎತ್ತಿ ತೋರಿಸಿದ,
ಮರಿಗುದುರೆಯ ವಯಸ್ಸು ಹೇಳುವವನಂತೆ.
"ಎಡಗಡೆ, ಕೆಳಗೆ. ನೋವಿಲ್ಲ ಅಂತಾನೆ.
ಅದಕ್ಕೇ ನನಗೆ ಭಯ."

ಸೊದ್‌ಬಿಲೆಗ್‌ಗೆ ಎಂಟು. ಗೋಬಿಯಿಂದ ಉಲಾನ್‌ಬಾತರಿಗೆ
ಇಡೀ ರಾತ್ರಿ ಬಸ್ಸಿನ ಗಾಜಿಗೆ ಒರಗಿ ಬಂದ ಕೆನ್ನೆ,
ಒಣಮೊಸರಿನ ಗಡ್ಡೆ ಕದ್ದು ಇಟ್ಟುಕೊಂಡಷ್ಟು ಉಬ್ಬು.
ಒತ್ತಿದೆ. ಬೆರಳಡಿ ಮೊಟ್ಟೆಯ ಚಿಪ್ಪು
ಚಿಟಿಕ್ಕೆಂದಿತು. ಮೂಳೆ ಅಷ್ಟು ತೆಳು.

ಎಕ್ಸ್‌ರೇಯಲ್ಲಿ ಕಪ್ಪು ಕೊಳ.
ಅದರ ತಳಕ್ಕೆ, ದವಡೆಯ ಅಂಚಿಗೆ ದಬ್ಬಿಸಿಕೊಂಡು
ಅಡ್ಡ ಮಲಗಿದೆ ಹುಟ್ಟಬೇಕಾದ ಹಲ್ಲು,
ಬೇರು ಇನ್ನೂ ಅರ್ಧ.
ಮೇಲೆ ಹುಳುಕು ಹಾಲುಹಲ್ಲು
ಏನೂ ಅರಿಯದೆ ಕಾವಲು ಕೂತಿದೆ.

ಸೂಜಿಗೆ ಬಂದದ್ದು ಒಣಹುಲ್ಲಿನ ಬಣ್ಣದ ನೀರು,
ದೀಪಕ್ಕೆ ಹಿಡಿದರೆ ಮಿಣಮಿಣ ಹರಳು.
ಕೀವಿಲ್ಲ. ಅಷ್ಟು ಸಮಾಧಾನ.
ಉಳಿದದ್ದನ್ನು ಒಂದು ಚೂರು ಪೊರೆ ಹೇಳಬೇಕು,
ಹತ್ತು ದಿನದ ಮೇಲೆ.

"ಕಿತ್ತುಹಾಕಿ, ಎಲ್ಲಾನೂ," ಅಂದಳು ತಾಯಿ.
ಕಿತ್ತರೆ ಹಲ್ಲೂ ಹೋಗುತ್ತದೆ,
ಪಕ್ಕದಲ್ಲಿ ಹಾಯುವ ನರ ಮುನಿದರೆ
ತುಟಿ ಮರಗಟ್ಟಿ ಸಾರು ಸೋರುತ್ತದೆ ಗದ್ದಕ್ಕೆ.
ಇಪ್ಪತ್ತು ವರ್ಷದ ಹಿಂದೆ ಹಾಗೇ ಕಿತ್ತಿದ್ದೆ, ಒಬ್ಬಳದು.
ಅವಳೀಗ ನಗುವಾಗ ಅಂಗೈ ಅಡ್ಡ ಹಿಡಿಯುತ್ತಾಳೆ.
ಇದನ್ನು ತಾಯಿಗೆ ಹೇಳಲಿಲ್ಲ.

ಹಾಲುಹಲ್ಲು ತೆಗೆದೆ. ಅದೇ ಗುಳಿಯಿಂದ
ಚೀಲಕ್ಕೊಂದು ಬಾಯಿ ಕೊಯ್ದೆ,
ಅಂಚನ್ನು ಒಸಡಿಗೆ ಹೊಲಿದೆ,
ಮುಚ್ಚದಿರಲೆಂದು ಕಿರುಬೆರಳುಗುರಿನಷ್ಟು ಕೊಳವೆ.
ಮುಕ್ಕಾಲು ಗಂಟೆ, ಅಷ್ಟೇ.
ಆಮೇಲಿನದು ಕಾಯುವುದು. ಅದರಲ್ಲಿ
ನನಗಿಂತ ಕುರುಬರು ವಾಸಿ.

ದಿನಕ್ಕೆರಡು ಸಲ ಉಪ್ಪುನೀರು, ಸೂಜಿಯಿಲ್ಲದ ಸಿರಿಂಜು.
"ತಬ್ಬಲಿ ಕುರಿಮರಿಗೆ ಹಾಲು ಹನಿಸಿದ ಕೈ ಇದು,"
ಅಂದ ಗೊಂಬೋ, ನಾನು ಕಲಿಸುವ ಮೊದಲೇ ಕಸಿದುಕೊಂಡು.

ಹತ್ತನೇ ದಿನ ಫೋನಿನಲ್ಲಿ ವರದಿ ಓದಿದೆ.
ಅತ್ತ ಗಾಳಿ, ಮಾತೆಲ್ಲ ಚೂರುಚೂರು.
"ಸಾದಾ ಗಡ್ಡೆ" ಅನ್ನುವುದರಲ್ಲಿ
"ಸಾದಾ" ತಲುಪಿತಂತೆ. ಸಾಕು.

ಚಳಿಗಾಲಕ್ಕೆ ಕೊಳದ ದಡ ಬೂದಿಬಣ್ಣ.
ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತಿತ್ತು ಮೂಳೆ.
ಹಲ್ಲು ಮಗ್ಗುಲು ಬದಲಿಸಿತ್ತು, ಒಂದಿಷ್ಟೇ.

ಮುಂದಿನ ಬೇಸಿಗೆ, ಕುರ್ಚಿ ಏರುವ ಮೊದಲೇ
ಹುಡುಗ ಬಾಯಿ ತೆರೆದ.
ಒಸಡು ಸೀಳಿ ಬಿಳಿಯ ತುದಿ. ತುಸು ಸೊಟ್ಟ.

ಮೂರು ವರ್ಷದ ಕುದುರೆಯನ್ನು ನಮ್ಮಲ್ಲಿ
ಶುದ್ಲೆನ್ ಅನ್ನುತ್ತಾರೆ, ಹಲ್ಲಿನಿಂದಲೇ ಬಂದ ಹೆಸರು.
ಗೊಂಬೋ ತುಟಿ ಎತ್ತಿ ನೋಡಿದ,
ವಯಸ್ಸು ಹೇಳಲಿಲ್ಲ.
ಎರವಲು ತಂದ ಪಾತ್ರೆ ಮರಳಿಸುವವನಂತೆ
ಕೊಳವೆಯನ್ನು ನನ್ನ ಮೇಜಿನ ಮೇಲಿಟ್ಟ.
"ತೊಳೆದಿದ್ದೇನೆ," ಅಂದ.