ದಿಬ್ಬೂರಹಳ್ಳಿಗೆ ಹುಳು ಒಯ್ಯುವಾಗ

ಪರದೆ ಎಂಬತ್ತೆರಡು ಅನ್ನುತ್ತದೆ.
ನಾನು ಐವತ್ತು ಅಂದುಕೊಳ್ಳುತ್ತೇನೆ.
ಶಿಡ್ಲಘಟ್ಟದ ಬೆಳಗಿನ ಐದು ಗಂಟೆಗೆ
ನಮ್ಮಿಬ್ಬರಲ್ಲಿ ಯಾರೂ ಆಣೆ ಇಡುವುದಿಲ್ಲ.
ಹೋಗಿ ಬರಲು ನಲವತ್ತನಾಲ್ಕು.

ಒಂಬತ್ತು ವರ್ಷದ ಕಾರು, ನನ್ನ ಕೈಗೆ ಬಂದು ಮೂರು.
ಹೊಸದರಲ್ಲಿ ನೂರಮೂವತ್ತು ಓಡುತ್ತಿತ್ತಂತೆ.
ಮಾರಿದವನು ಹೇಳಿದ್ದು,
ತಾನು ಕಬಡ್ಡಿ ಆಡುತ್ತಿದ್ದ ಕಾಲ ನೆನೆದ ಹಾಗೆ.

ಹಿಂದಿನ ಸೀಟು ಮಡಚಿ ಪೇರಿಸಿದ ತಟ್ಟೆಗಳಲ್ಲಿ
ಎರಡನೇ ಜ್ವರದಿಂದ ಎದ್ದ ಚಾಕಿ ಹುಳು,
ಇನ್ನೂರು ಮೊಟ್ಟೆಯದು, ಮೇಲೆ ಮೇಣದ ಕಾಗದ.
ಅವಕ್ಕೆ ಬಿಸಿ ತಾಕಬಾರದು.
ಏಸಿ ಹಾಕಿದೆನೋ, ಎಂಬತ್ತೆರಡು ಹೋಗಿ
ಅರವತ್ತೊಂಬತ್ತು.
ಹುಳುವೂ ದಾರಿಯೂ
ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ ನನ್ನ ಗಾಡಿಯಲ್ಲಿ.

ವಿಜಯಪುರದ ಪಿಳ್ಳಪ್ಪ ಸ್ಟೀರಿಂಗಿನ ಕೆಳಗೆ ಏನೋ ಸಿಕ್ಕಿಸಿ
ಫೋನು ನೋಡಿ ಹೇಳಿದ್ದ:
"ಅರವತ್ತೊಂದು ಪರ್ಸೆಂಟು ಜೀವ ಅದೆ ಅಕ್ಕ."
ಮಿಕ್ಕ ಮೂವತ್ತೊಂಬತ್ತು ಎಲ್ಲಿ ಹೋಯಿತು ಅಂದೆ.
"ಓಡಿತಲ್ಲ," ಅಂದ.

ಒಂದೊಂದಾಗಿ ಇಳಿದರೆ ನಂಬಬಹುದಿತ್ತು.
ಇದು ಇಪ್ಪತ್ತೊಂದರಲ್ಲಿ ಜಗಲಿ ಹಿಡಿದು ಕೂರುತ್ತದೆ,
ಎದ್ದರೆ ಹನ್ನೆರಡು.
ನಡುವಿನ ಒಂಬತ್ತು ಕಿಲೋಮೀಟರು
ಯಾವ ಊರಿನ ಗಡಿಯಲ್ಲೂ ಇಲ್ಲ.
ಪರದೆಯನ್ನು ಅದರ ಪಾಡಿಗೆ ಬಿಟ್ಟೆ.
ಮನೆಯಿಂದ ಕೆರೆಕಟ್ಟೆಗೆ ನಾಲ್ಕು ತಿಂದರೆ ದಿನ ಒಳ್ಳೆಯದು;
ಆರು ತಿಂದರೆ ಎದುರುಗಾಳಿ,
ಇಲ್ಲವೇ ನನ್ನ ಕಾಲಿಗೇ ಆತುರ.
ಇಳಿಜಾರಲ್ಲಿ ಕಾಲು ತೆಗೆದರೆ ಒಂದಿಷ್ಟು ವಾಪಸು ಕೊಡುತ್ತದೆ,
ಮುಯ್ಯಿ ತಿರುಗಿಸಿದ ಹಾಗೆ,
ಕೊಟ್ಟಷ್ಟಲ್ಲ.

ಖೈರುನ್ನೀಸಾ ನೂಲು ಬಿಚ್ಚುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ.
ಬಿಸಿನೀರಲ್ಲಿ ಹೊರಳುವ ಗೂಡು ತೆಳುವಾಗಿ
ಈರುಳ್ಳಿ ಸಿಪ್ಪೆಯಷ್ಟಾಗಿ
ಒಳಗಿನದು ಕಪ್ಪಗೆ ಕಾಣತೊಡಗುತ್ತದೆ.
ಎಷ್ಟು ಉಳಿದಿದೆ ಅಂದರೆ ಮೀಟರು ಹೇಳುವವಳಲ್ಲ.
"ಇನ್ನೊಂದು ಮಾತಾಡುವಷ್ಟು" ಅನ್ನುತ್ತಾಳೆ,
ಆ ಮಾತು ಮುಗಿಯುವ ಮುಂಚೆ
ಹೊಸ ಗೂಡಿನ ಎಳೆ ಎಸೆದು ಹಚ್ಚಿಬಿಡುತ್ತಾಳೆ.
ನೂಲಿಗೆ ಗೊತ್ತೇ ಆಗುವುದಿಲ್ಲ.

ನಡುದಾರಿಯಲ್ಲಿ ನಾನು ಯಾವ ಎಳೆ ಹಚ್ಚಲಿ?

ಹೋದ ಏಪ್ರಿಲಿನಲ್ಲಿ ರಸ್ತೆ ಅಗೆದು
ಸುತ್ತುದಾರಿಗೆ ಕಳಿಸಿದರು. ಐದು ಕಿಲೋಮೀಟರು ಜಾಸ್ತಿ,
ಅದೂ ಏರು.
ಪರದೆಯ ಮೇಲೆ ಆಮೆಯ ಚಿತ್ರ ಬಂತು.
ಇಷ್ಟು ದಿನ ಎಲ್ಲಿತ್ತೋ, ಹಳದಿ ಆಮೆ.
ಅದರ ನಡಿಗೆಯಲ್ಲೇ ಹೋಗಿ
ಮುನಿಯಾಂಜಿನಪ್ಪನ ಹುಳುಮನೆ ಮುಂದೆ ನಿಂತೆವು.

ಗುರುತಿಲ್ಲ, ಪರಿಚಯವಿಲ್ಲ.
ತಟ್ಟೆ ಕಂಡದ್ದೇ ಆತ ಟವೆಲು ಬಿಸಾಕಿ
ಒಂದೊಂದನ್ನೇ ಒಳಗೆ ನೆರಳಿಗೆ ಒಯ್ದ,
ಗೋಣಿ ನೆನೆಸಿ ಕಿಟಕಿಗೆ ಕಟ್ಟಿದ.
ಆಮೇಲೆ ಕೇಳಿದ, ಗಾಡಿಗೆ ಏನು ಬೇಕು ಅಂತ.
ಒಂದು ಪ್ಲಗ್ಗು ಅಂದೆ.
"ಹತ್ತೂವರೆಗೆ ಕರೆಂಟು ಹೋಯ್ತದೆ. ಎಷ್ಟು ತುಂಬಬೇಕು?"
"ಹನ್ನೆರಡು ಕಿಲೋಮೀಟರಿನಷ್ಟು."
ಕರೆಂಟನ್ನು ಹಾಗೆ ಅಳೆದವರನ್ನು ಕಂಡಿರಲಿಲ್ಲ ಆತ.

ಅವನ ಸ್ವಂತ ಹುಳು ನಾಲ್ಕನೇ ಜ್ವರದಲ್ಲಿದ್ದವು,
ತಲೆ ಎತ್ತಿಕೊಂಡು, ಮುಟ್ಟದೆ, ತಿನ್ನದೆ.
"ನಿಮ್ಮ ಗಾಡಿಗೂ ಜ್ವರ ಅನ್ನಿ," ನಕ್ಕ,
"ಎದ್ದಮೇಲೆ ನೋಡಿ ಹೆಂಗೆ ತಿಂತದೆ."
ಇದಕ್ಕೆ ಪೊರೆ ಬಿಡುವುದು ಗೊತ್ತಿಲ್ಲ ಅಂದೆ.
ನಗು ನಿಲ್ಲಿಸಿ ಕಾರಿನ ಬಾನೆಟ್ಟಿನ ಮೇಲೆ
ಹಸುವಿನ ಬೆನ್ನಿಗೆ ಇಡುವ ಹಾಗೆ ಕೈಯಿಟ್ಟ.
ಹಣ ಕೊಟ್ಟರೆ ಮುಟ್ಟಲಿಲ್ಲ.
ಎರಡು ಹುಳು ಸತ್ತಿದ್ದವು, ಅಷ್ಟೇ;
ಎಣಿಸಿದವನು ಅವನೇ.

ಈಗ ಕೆರೆ ದಾಟಿದೆ, ಎಂಟು ಕಿಲೋಮೀಟರು ಸಂದಿದೆ.
ಪರದೆ ಐವತ್ತೇಳು ಅನ್ನುತ್ತಿದೆ, ನಾನು ನಲವತ್ತು.
ದಾರಿ ಮೂವತ್ತಾರು.
ಮಿಕ್ಕ ನಾಲ್ಕನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತೇನೆ,
ಸಾಸಿವೆ ಡಬ್ಬಿಯ ತಳದ ನೋಟಿನ ಹಾಗೆ.
ಏಸಿ ಆರಿಸಿ ಗಾಜು ಇಳಿಸುತ್ತೇನೆ.
ಎರಡೂ ಕಡೆ ಹಿಪ್ಪುನೇರಳೆ ತೋಟ,
ರಾತ್ರಿ ನೀರು ಹಾಯಿಸಿದ್ದಾರೆ ಯಾರೋ;
ಅದರ ತಂಪು ಒಳಗೆ ಬರುತ್ತದೆ,
ಪುಕ್ಕಟೆ.